ಯರಮರಸ್‌ನಲ್ಲಿ ರನ್‌ವೇ ಜೊತೆ ವಿಮಾನವೂ ಇರಲಿ

ಸಂಪಾದಕರಿಗೆ ನಮಸ್ಕಾರ,

ನಮ್ಮ ರಾಯಚೂರಿನ ಯರಮರಸ್‌ನಲ್ಲಿ ವಿಮಾನ ನಿಲ್ದಾಣ ಆಗುತ್ತಿದೆ ಅಂತ ಊರಿಗೆಲ್ಲ ಖುಷಿ. ನನಗೂ ಖುಷಿ. ಆದರೆ ರನ್‌ವೇ ಎಷ್ಟುದ್ದ, ಟರ್ಮಿನಲ್ ಹೇಗಿರುತ್ತೆ ಅನ್ನೋ ಮಾತೇ ಜಾಸ್ತಿ. ಉದ್ಘಾಟನೆಯಾಗಿ ನಾಲ್ಕನೇ ವರ್ಷಕ್ಕೂ ಇಲ್ಲಿಂದ ವಿಮಾನ ಹಾರುತ್ತಾ ಅಂತ ಯಾರೂ ಕೇಳುತ್ತಿಲ್ಲ. ಬೀದರ್‌ನಲ್ಲಿ ಆದದ್ದನ್ನು ಕಣ್ಣಾರೆ ನೋಡಿದ್ದೇನೆ, ಅದಕ್ಕೇ ಈ ಪತ್ರ.

ನಮ್ಮ ಅಕ್ಕನನ್ನು ಬೀದರ್‌ಗೆ ಕೊಟ್ಟಿದ್ದೇವೆ. ಅವಳ ಮನೆಯ ಮಾಳಿಗೆ ಮೇಲೆ ನಿಂತರೆ ವಾಯುಪಡೆಯ ವಿಮಾನಗಳು ತಲೆ ಮೇಲೇ ಹೋದಂತೆ ಸದ್ದು ಮಾಡುತ್ತವೆ. ಆಕಾಶದಲ್ಲಿ ಕಸರತ್ತು ತೋರಿಸುವ ವಾಯುಪಡೆಯ ಸೂರ್ಯಕಿರಣ ತಂಡ 1996ರಲ್ಲಿ ಹುಟ್ಟಿದ್ದು ಅಲ್ಲೇ, ಹಾಕ್ ವಿಮಾನದಲ್ಲಿ ಹುಡುಗರು ಫೈಟರ್ ಪೈಲಟ್ ಆಗಲು ಪಳಗುವುದೂ ಅಲ್ಲೇ. ಅಂದ್ರೆ ರನ್‌ವೇ ಎಂದೋ ರೆಡಿ ಇತ್ತು, ಪಕ್ಕದಲ್ಲಿ ಒಂದು ಟರ್ಮಿನಲ್ ಕಟ್ಟಿದ್ದರೆ ಸಾಕಿತ್ತು. ಕಟ್ಟಿದರು ಕೂಡ. ಆದರೆ ವರ್ಷಗಟ್ಟಲೆ ಸುಮ್ನೆ ಬಿದ್ದಿತ್ತು, ಯಾಕೆಂದರೆ 2008ರಲ್ಲಿ ಶುರುವಾದ ಹೈದರಾಬಾದ್ ನಿಲ್ದಾಣದ ಒಪ್ಪಂದದಲ್ಲಿ 150 ಕಿ.ಮೀ. ಒಳಗೆ ಇನ್ನೊಂದು ನಿಲ್ದಾಣ ಬರಬಾರದು ಅಂತ ಷರತ್ತಿತ್ತು. ಕೊನೆಗೆ 2020ರ ಫೆಬ್ರವರಿ 7ರಂದು ಸಣ್ಣ ಊರುಗಳಿಗೂ ವಿಮಾನ ತರುವ ಕೇಂದ್ರದ ಉಡಾನ್ ಯೋಜನೆಯಲ್ಲಿ ಬೆಂಗಳೂರಿನ ವಿಮಾನ ಬಂತು. 2023ರ ಕೊನೆಗೆ ಅದೂ ನಿಂತಿತು.

ಅದೇ ಹೊತ್ತಿಗೆ ಅಕ್ಕನಿಗೆ ಮೊಣಕಾಲು ತೋರಿಸಲು ಬೆಂಗಳೂರಿಗೆ ಹೋಗಬೇಕಿತ್ತು. ಸ್ಲೀಪರ್ ಬಸ್ಸಿನಲ್ಲಿ ಸಿಕ್ಕಿದ್ದು ಮೇಲಿನ ಬರ್ತ್. ಆ ಸಣ್ಣ ಕಬ್ಬಿಣದ ಏಣಿಯ ಎರಡನೇ ಮೆಟ್ಟಿಲಲ್ಲಿ ಅವಳ ಕಾಲು ಎತ್ತಲಾಗಲಿಲ್ಲ. ಕೆಳಗೆ ನಾನು ಹಿಡಿದುಕೊಂಡು, ಮೇಲಿಂದ ಅಳಿಯ ಕೈ ಕೊಟ್ಟು ಹತ್ತಿಸಿದೆವು. ರೊಟ್ಟಿ, ಶೇಂಗಾ ಚಟ್ನಿಯ ಡಬ್ಬಿ ಕೈಯಲ್ಲಿ ಹಿಡಿದುಕೊಂಡೇ ಇದ್ದಳು, ಬೆಳಗಿನವರೆಗೂ ಮುಚ್ಚಳ ತೆಗೆಯಲಿಲ್ಲ. ವಿಮಾನ ನಿಲ್ಲದೆ ಹಿಂದಿನ ಟೈಮ್‌ಟೇಬಲ್ಲೇ ಇದ್ದಿದ್ದರೆ ಎರಡು ಗಂಟೆಯೊಳಗೆ ಬೆಂಗಳೂರಲ್ಲಿರುತ್ತಿದ್ದಳು, ಅಲ್ವಾ?

ಉಡಾನ್‌ನಲ್ಲಿ ವಿಮಾನದ ಒಂದಿಷ್ಟು ಸೀಟು ಕಡಿಮೆ ದರಕ್ಕೆ ಕೊಡಬೇಕು, ಶುರುವಿನಲ್ಲಿ ಒಂದು ಗಂಟೆಯ ಹಾರಾಟಕ್ಕೆ 2,500 ರೂಪಾಯಿ ಅಂತಿತ್ತು. ಅದರಿಂದಾಗುವ ನಷ್ಟವನ್ನು ಕೇಂದ್ರ, ರಾಜ್ಯ ಎರಡೂ ಸೇರಿ ತುಂಬಿಕೊಡುತ್ತವೆ, ಆದರೆ ಮೂರು ವರ್ಷ ಮಾತ್ರ. ಆಮೇಲೆ ಕಂಪನಿಗೆ ಲೆಕ್ಕ ಕೂಡಿಬರಲಿಲ್ಲ ಅಂದ್ರೆ ವಿಮಾನ ಬೇರೆ ಊರಿಗೆ ಹೋಗುತ್ತೆ. ಬೀದರ್‌ನಲ್ಲಿ 2025ರ ಏಪ್ರಿಲ್‌ನಲ್ಲಿ ಮತ್ತೆ ವಿಮಾನ ಶುರುವಾಗಬೇಕಾದರೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ದುಡ್ಡೇ ಬೇಕಾಯಿತು. ಆ ದುಡ್ಡು ಕೊಟ್ಟಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಆದರೆ ನಿಂತ ಮೇಲೆ ಓಡಾಡುವ ಬದಲು ಮೊದಲೇ ಎತ್ತಿಡಬೇಕಿತ್ತು.

ಬಳ್ಳಾರಿ ಕಡೆಯ ತೋರಣಗಲ್ಲಿನ ವಿಮಾನ ನಿಲ್ದಾಣದಲ್ಲಿ ಉಕ್ಕಿನ ಕಾರ್ಖಾನೆಯ ಕೆಲಸಕ್ಕೆ ಓಡಾಡುವವರು ಇದ್ದಾರೆ, ಸೀಟು ತುಂಬುತ್ತವೆ. ನಮ್ಮಲ್ಲೂ ಜನ ಇದ್ದಾರೆ ಸ್ವಾಮಿ. ಶಕ್ತಿನಗರದ ಆರ್‌ಟಿಪಿಎಸ್, ಯರಮರಸ್‌ನ ವೈಟಿಪಿಎಸ್ ಎಂಬ ಎರಡು ಶಾಖೋತ್ಪನ್ನ ವಿದ್ಯುತ್ ಕೇಂದ್ರ, ಹಟ್ಟಿ ಚಿನ್ನದ ಗಣಿ, ಕೃಷಿ ವಿಶ್ವವಿದ್ಯಾಲಯ, ಹತ್ತಿ ವ್ಯಾಪಾರ, ಇವೆಲ್ಲದರ ಜೊತೆ ಮಂತ್ರಾಲಯಕ್ಕೆ ಬರುವ ಭಕ್ತರು. ಇವರು ಯಾವ ಊರಿಗೆ, ಯಾವ ಹೊತ್ತಿಗೆ ಓಡಾಡುತ್ತಾರೆ ಅಂತ ಜಿಲ್ಲಾಡಳಿತ ಈಗಲೇ ಲೆಕ್ಕ ತೆಗೆಯಲಿ. ಬೀದರ್‌ನಲ್ಲಿ ವಾಯುಪಡೆಯ ತರಬೇತಿ ನೋಡಿಕೊಂಡು ಟೈಮ್ ಇಟ್ಟುಕೊಳ್ಳಬೇಕು, ಯರಮರಸ್‌ಗೆ ಆ ಕಟ್ಟುಪಾಡಿಲ್ಲ. ಬೆಳಿಗ್ಗೆ ಬೆಂಗಳೂರಿಗೆ ಹೋಗಿ ಸಂಜೆ ಮನೆಗೆ ಬರುವ ಹಾಗೆ ಎರಡು ವಿಮಾನ ಕೇಳೋಣ. ಮಧ್ಯಾಹ್ನ ಒಂದೇ ಒಂದು ಕೊಟ್ಟರೆ ರಾತ್ರಿ ಲಾಡ್ಜ್ ಮಾಡಬೇಕು, ಹಾಗಿದ್ದ ಮೇಲೆ ಜನ ಉದ್ಯಾನ್ ಎಕ್ಸ್‌ಪ್ರೆಸ್ ರೈಲೇ ಹತ್ತುತ್ತಾರೆ.

ನಮ್ಮ ಶಾಸಕರು, ಸಂಸದರಲ್ಲಿ ಒಂದು ಕೇಳಿಕೆ. ಮಂಡಳಿಯ ಮುಂದಿನ ಸಭೆಯಲ್ಲಿ ಯರಮರಸ್ ವಿಮಾನಕ್ಕೆ ನಾಲ್ಕು, ಐದನೇ ವರ್ಷದ ದುಡ್ಡು ಎಲ್ಲಿಂದ ಅಂತ ಕೇಳಿ, ಉತ್ತರವನ್ನು ಬರೆಸಿಕೊಳ್ಳಿ.

– ಒಬ್ಬ ಓದುಗ, ರಾಯಚೂರು