ಗುಡ್ಡದ ಮೇಲಿನ ಊರಲ್ಲಿ ಕಾಶಿರಾಜರ ಬಾವಿ

ಪ್ರೀತಿಯ ಗೆಳೆಯ,

ಊರ ಸೇದೋ ಬಾವಿಗೆ ಮಣ್ಣು ತುಂಬಿ ಮುಚ್ಚುವ ಮಾತು ನಡೆದಿದೆ ಅಂತ ಬರೆದಿದ್ದೆಯಲ್ಲ, ಆ ಒಂದು ಸಾಲು ನನ್ನನ್ನು ಬಿಟ್ಟಿಲ್ಲ. ಉತ್ತರ ಬರೆಯಲು ಎರಡು ಸಲ ಕೂತೆ, ಕೈ ಓಡಲಿಲ್ಲ. ಹೋದ ಭಾನುವಾರ ಇಲ್ಲೊಂದು ಹಳ್ಳಿಗೆ ಹೋಗಿ ಬಂದೆ. ಅದನ್ನು ನಿನಗೆ ಹೇಳದೆ ಇರಲಾರೆ.

ಹಳ್ಳಿಯ ಹೆಸರು ಸ್ಟೋಕ್ ರೋ. ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನ ಚಿಲ್ಟರ್ನ್ ಗುಡ್ಡಗಳ ಮೇಲಿದೆ, ನಾನಿರುವ ರೆಡಿಂಗ್‌ನಿಂದ ಕಾರಿನಲ್ಲಿ ಅರ್ಧ ಗಂಟೆ ದಾರಿ. ಬೀಚ್ ಮರಗಳ ಕಾಡು ದಾಟಿ ಊರೊಳಗೆ ಬಂದರೆ, ಇಟ್ಟಿಗೆ ಮನೆಗಳ ನಡುವೆ ರಸ್ತೆ ಪಕ್ಕದಲ್ಲೇ ಒಂದು ಗುಮ್ಮಟ. ಕಬ್ಬಿಣದ ಕಂಬಗಳ ಮೇಲೆ ನಿಂತಿದೆ, ಸುಮಾರು 23 ಅಡಿ ಎತ್ತರ, ತುದಿಯಲ್ಲಿ ಹೊಳೆಯುವ ಕಳಶ. ಗುಮ್ಮಟದ ಕೆಳಗೆ ಹಲ್ಲುಚಕ್ರಗಳ ನೀರೆತ್ತುವ ಯಂತ್ರ, ಆ ಯಂತ್ರದ ನೆತ್ತಿಯ ಮೇಲೆ ಚಿನ್ನದ ಬಣ್ಣದ ಒಂದು ಪುಟ್ಟ ಆನೆ! ಈ ಬಾವಿಯನ್ನು ಕೊಟ್ಟವರು ಭಾರತದ ಬನಾರಸ್ಸಿನ ಮಹಾರಾಜರು ಅಂತ ಮೇಲಿನ ಸುತ್ತುಪಟ್ಟಿಯಲ್ಲಿ ಬರೆದಿದೆ. ಬಹಳ ಹೊತ್ತು ಆ ಆನೆಯನ್ನೇ ನೋಡುತ್ತ ನಿಂತೆ ಕಣೋ.

ಸದಾ ಮಳೆ ಸುರಿಯುವ ಈ ದೇಶದಲ್ಲಿ ನೀರಿಗೇನು ಬರ ಅಂತ ನೀನು ಕೇಳಬಹುದು. ಈ ಗುಡ್ಡದ ಒಳಗೆಲ್ಲ ಸೀಮೆಸುಣ್ಣದ ಕಲ್ಲು. ಬಿದ್ದ ಮಳೆಯನ್ನೆಲ್ಲ ಅದು ಕುಡಿದು ಬಹಳ ಆಳಕ್ಕೆ ಇಳಿಸಿಬಿಡುತ್ತದೆ. ಮೇಲೆ ಹಳ್ಳವಿಲ್ಲ, ಹೊಳೆಯಿಲ್ಲ. ಜೇಡಿಮಣ್ಣು ತೆಗೆದ ಗುಂಡಿಗಳಲ್ಲಿ ನಿಂತ ಕೊಳಕು ನೀರೇ ಊರಿಗೆ ಗತಿಯಾಗಿತ್ತು. ಬೇಸಿಗೆಯಲ್ಲಿ ಅದೂ ಬತ್ತಿದರೆ ಮೈಲಿಗಟ್ಟಲೆ ನಡೆದು ಹೊತ್ತು ತರಬೇಕು. ಚಳ್ಳಕೆರೆ ಕಡೆಯವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಕಾಶಿಯ ನಂಟು. ಎಡ್ವರ್ಡ್ ಆಂಡರ್ಡನ್ ರೀಡ್ ಅನ್ನುವವನು ಪಕ್ಕದ ಇಪ್ಸ್‌ಡೆನ್ ಊರಿನ ಜಮೀನ್ದಾರರ ಮನೆತನದವನು, ಉತ್ತರ ಭಾರತದಲ್ಲಿ ದೊಡ್ಡ ಹುದ್ದೆಯಲ್ಲಿದ್ದವನು. 1831ರಲ್ಲಿ ಆಜಂಗಢದ ಜನರಿಗಾಗಿ ಅಲ್ಲೊಂದು ಬಾವಿ ತೋಡಿಸಿದ್ದ. ಮಹಾರಾಜ ಈಶ್ವರಿ ಪ್ರಸಾದ್ ನಾರಾಯಣ ಸಿಂಗರಿಗೂ ಅವನಿಗೂ ಸ್ನೇಹ. ಮಾತಿನ ನಡುವೆ ಒಮ್ಮೆ ತನ್ನ ಸೀಮೆಯ ನೀರಿನ ಕಷ್ಟ ಹೇಳಿದ. ಮನೆಯಲ್ಲಿ ಉಳಿದಿದ್ದ ಕೊನೆಯ ಗುಟುಕು ನೀರನ್ನು ಕುಡಿದ ತಪ್ಪಿಗೆ ಒಬ್ಬ ಹುಡುಗ ತಾಯಿಯ ಕೈಯಲ್ಲಿ ಏಟು ತಿಂದ ಕಥೆ ಅದು. ಮಹಾರಾಜರು ಅದನ್ನು ಮರೆಯಲಿಲ್ಲ. ಮುಂದೆ ರೀಡ್‌ನ ಸೀಮೆಗೆ ಏನಾದರೂ ಕೊಡಬೇಕು ಅನ್ನಿಸಿದಾಗ ಅವರಿಗೆ ನೆನಪಾದದ್ದು ಆ ಹುಡುಗನ ಬಾಯಾರಿಕೆ.

1863ರ ಮಾರ್ಚ್‌ನಲ್ಲಿ ಅಗೆತ ಶುರುವಾಯಿತು. ಬಾವಿಯ ಅಗಲ 4 ಅಡಿ, ಒಬ್ಬ ಮನುಷ್ಯ ಕೈ ಬೀಸಿ ಅಗೆಯಲು ಸಾಲದಷ್ಟು. ಆಳ 368 ಅಡಿ. ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್‌ನ ಎತ್ತರ 365 ಅಡಿ ಅಂದರೆ ಲೆಕ್ಕ ಹಾಕು. ಎಲ್ಲವೂ ಕೈಯಲ್ಲೇ ಅಗೆದದ್ದು. ಮಣ್ಣು ಯಾವಾಗ ಕುಸಿದೀತೋ ಅನ್ನುವ ಭಯದಲ್ಲಿ, ತಲೆ ಎತ್ತಿದರೆ ಆಕಾಶ ಒಂದು ಬಿಲ್ಲೆಯಷ್ಟು ಕಾಣುವ ಆಳದಲ್ಲಿ ಗುದ್ದಲಿ ಹಿಡಿದ ಕೂಲಿಯವರನ್ನು ನೆನೆದರೆ ನನಗೆ ನಮ್ಮೂರ ಬಾವಿಯ ಹೂಳು ತೆಗೆಯಲು ಇಳಿಯುತ್ತಿದ್ದವರು ಕಣ್ಣಿಗೆ ಬರುತ್ತಾರೆ. ಸೊಂಟಕ್ಕೆ ಹಗ್ಗ, ಮೈಯೆಲ್ಲ ಕೆಸರು. ಮೇಲೆ ಬಂದವರು ಮಾತಾಡದೆ ಕಟ್ಟೆಯ ಮೇಲೆ ಕೂತುಬಿಡುತ್ತಿದ್ದರು, ನೆನಪಿದೆಯಾ?

1864ರ ಮೇ 24ರಂದು, ವಿಕ್ಟೋರಿಯಾ ರಾಣಿಯ ಹುಟ್ಟಿದ ದಿನ, ಬಾವಿಯನ್ನು ಊರಿಗೆ ಬಿಟ್ಟುಕೊಟ್ಟರು. ಒಂದು ಬಕೆಟ್ಟಿಗೆ 9 ಗ್ಯಾಲನ್, ಅಂದರೆ ಸುಮಾರು 41 ಲೀಟರ್, ನಮ್ಮ ಲೆಕ್ಕದಲ್ಲಿ ಮೂರು ಕೊಡ. ಅದು ಮೇಲೆ ಬರಬೇಕಾದರೆ ಹತ್ತು ನಿಮಿಷ ಹಿಡಿಕೆ ತಿರುಗಿಸಬೇಕು. ಹಾಗಿದ್ದರೂ ಎಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಊರು ಈ ಬಾವಿಯ ನೀರು ಕುಡಿಯಿತು. ನೀರಿಗೆ ದುಡ್ಡಿಲ್ಲ. ಬಾವಿಯ ಖರ್ಚಿಗೆಂದು ಪಕ್ಕದಲ್ಲೇ ಚೆರ್ರಿ ತೋಟ ಹಾಕಿಸಿ, ಅದಕ್ಕೆ ಮಹಾರಾಜರ ಹೆಸರಿನಿಂದ ಈಶ್ರೀ ಬಾಗ್ ಅಂತ ಕರೆದರು. ಹಣ್ಣು ಮಾರಿ ಬಂದ ದುಡ್ಡು ಬಾವಿಗೆ. ಕಾವಲಿನವನಿಗೊಂದು ಪುಟ್ಟ ಮನೆಯನ್ನೂ ಕಟ್ಟಿಸಿದ್ದಾರೆ, ಇನ್ನೂ ಇದೆ. ದೇವಸ್ಥಾನಕ್ಕೆ ಉಂಬಳಿ ಬಿಡುವ ಹಾಗೆ ಬಾವಿಗೆ ತೋಟ ಬಿಟ್ಟ ಈ ಏರ್ಪಾಡು ನನಗೆ ಗುಮ್ಮಟಕ್ಕಿಂತ ಹಿಡಿಸಿತು.

ಒಂದು ಮಾತು ಮುಚ್ಚಿಡುವುದಿಲ್ಲ. 1857ರ ದಂಗೆ ಮುಗಿದು ಆಗಿನ್ನೂ ಹೆಚ್ಚು ವರ್ಷವಾಗಿರಲಿಲ್ಲ, ಮಹಾರಾಜರು ಆಗ ಇಂಗ್ಲಿಷರ ಪಕ್ಷದಲ್ಲಿದ್ದವರು. 1860-61ರಲ್ಲಿ ಗಂಗಾ-ಯಮುನೆಗಳ ನಡುವಿನ ಸೀಮೆಯಲ್ಲಿ ಭಾರಿ ಬರ ಬಿದ್ದು ಜನ ಸತ್ತಿದ್ದರು. ಅದಾಗಿ ಎರಡೇ ವರ್ಷಕ್ಕೆ ನಮ್ಮ ದೇಶದ ದುಡ್ಡು ಆಳುವವರ ಊರಿಗೆ ಬಂದು ಬಾವಿಯಾಯಿತು. ಅದನ್ನು ನೆನೆದರೆ ಹೊಟ್ಟೆಯಲ್ಲಿ ಸಂಕಟ. ಆದರೆ ಇಲ್ಲಿ ನೀರು ಕುಡಿದವರೂ ಬಡವರೇ, ಗುಂಡಿಯ ನೀರು ಸೋಸಿ ಬದುಕಿದ್ದವರು. ಈ ಎರಡನ್ನೂ ನಾನು ಒಟ್ಟಿಗೇ ಹೊತ್ತುಕೊಂಡು ಮನೆಗೆ ಬಂದೆ.

1964ರಲ್ಲಿ ಬಾವಿಗೆ ನೂರು ತುಂಬಿದಾಗ ಎಲಿಜಬೆತ್ ರಾಣಿಯ ಗಂಡ ಪ್ರಿನ್ಸ್ ಫಿಲಿಪ್ ಬಂದಿದ್ದರು, ಭಾರತದಿಂದ ತರಿಸಿದ ಗಂಗಾಜಲವನ್ನು ಬಾವಿಗೆ ಸುರಿಯಲಾಯಿತು. ಈಗ ಮನೆಮನೆಗೂ ನಲ್ಲಿ ಇದೆ, ಯಾರೂ ಸೇದುವುದಿಲ್ಲ. ಆದರೂ ಕಬ್ಬಿಣಕ್ಕೆ ತುಕ್ಕು ಹಿಡಿಯದ ಹಾಗೆ, ಆನೆಯ ಬಣ್ಣ ಮಾಸದ ಹಾಗೆ ನೋಡಿಕೊಳ್ಳುತ್ತಾರೆ. ನಾನು ನಿಂತಿದ್ದಾಗ ಒಬ್ಬ ಅಜ್ಜಿ ಮೊಮ್ಮಗಳನ್ನು ಎತ್ತಿ ಆನೆ ತೋರಿಸುತ್ತಿದ್ದರು.

ನಮ್ಮ ಬಾವಿಗೆ ಗುಮ್ಮಟವಿಲ್ಲ, ಆನೆಯಿಲ್ಲ. ಹಗ್ಗ ಉಜ್ಜಿ ಉಜ್ಜಿ ಕಟ್ಟೆಯ ಕಲ್ಲಿನಲ್ಲಿ ಬೆರಳು ಹೂಳುವಷ್ಟು ಗೆರೆ ಬಿದ್ದಿದೆಯಲ್ಲ, ಅದಿದೆ. ನಿಮ್ಮಮ್ಮ, ನಮ್ಮಮ್ಮ ಸೇದಿದ ಗೆರೆ ಅದು. ಬೋರ್‌ವೆಲ್ ಬಂದ ಮೇಲೆ ಬಾವಿ ಬತ್ತಿರಬಹುದು, ಮಕ್ಕಳು ಬಿದ್ದಾರು ಅನ್ನುವ ಹೆದರಿಕೆಯೂ ಸುಳ್ಳಲ್ಲ. ಅದಕ್ಕೆ ಬಾಯಿಗೊಂದು ಕಬ್ಬಿಣದ ಜಾಲರಿ ಹಾಕಿಸಿದರೆ ಸಾಕು, ಅದರ ಖರ್ಚು ನನ್ನದು. ಮುಂದಿನ ಸಭೆಯಲ್ಲಿ ನನ್ನ ಹೆಸರು ಹೇಳಿಯೇ ಈ ಮಾತು ಎತ್ತು.

ಅದಕ್ಕೂ ಮೊದಲು, ಈ ವಾರದಲ್ಲೇ ಹಗ್ಗಕ್ಕೊಂದು ಕಲ್ಲು ಕಟ್ಟಿ ಇಳಿಸಿ ಆಳ ಎಷ್ಟಿದೆ ಅಂತ ಅಳೆದು ಬರೆ. ಆ ಗೆರೆಗಳ ಫೋಟೊ ತೆಗೆದು ಕಳಿಸು, ಬೆಳಗಿನ ಓರೆ ಬಿಸಿಲಲ್ಲಿ ತೆಗೆ, ಚೆನ್ನಾಗಿ ಕಾಣುತ್ತವೆ.

ಇಂತಿ ನಿನ್ನ
ಗೆಳೆಯ