ಎಂಜಿಬಿ ಗೇರ್‌ಬಾಕ್ಸ್ ಉಳಿಸಿಕೊಟ್ಟ ಹಿರಿಯರಿಗೆ

ಹೆಸರು ಹೇಳದೆ ಹೋದ ಮೇಸ್ತ್ರಿಗಳೇ, ನಿಮಗೆ ನಮ್ಮೆಲ್ಲರ ವಂದನೆ. 1960ರ ದಶಕದ ಎಂಜಿಬಿ, ಬ್ರಿಟಿಷ್ ಸ್ಪೋರ್ಟ್ಸ್ ಕಾರು. ಮೊದಲ ಗೇರಿಗೆ ಸಿಂಕ್ರೊ, ಅಂದರೆ ಗೇರ್ ಕೂಡುವ ಮುನ್ನ ವೇಗ ಹೊಂದಿಸುವ ಭಾಗ, ಇಲ್ಲ. ಗಾಡಿ ಉರುಳುತ್ತಿರುವಾಗಲೇ ತುರುಕಿದರೆ ಹಲ್ಲಿನ ಅಂಚು ಮುಕ್ಕಾಗುತ್ತದೆ, ಅದು ಗೊತ್ತಿದ್ದದ್ದೇ. ಆದರೆ ನೀವು ಕಿವಿಗೊಟ್ಟದ್ದು ಬೇರೆಯದಕ್ಕೆ: ಒಂದು, ಎರಡು, ಮೂರರಲ್ಲಿ ಗೊಯ್ಯೆನ್ನುವ ಸದ್ದು, ನಾಲ್ಕರಲ್ಲಿ ಮೌನ. ನಾಲ್ಕನೆಯದು ನೇರ ಚಾಲನೆ, ಉಳಿದ ಗೇರುಗಳಿಗೆ ಬಲ ದಾಟಿಸುವ ಪಕ್ಕದ ಶಾಫ್ಟಿನ, ಅಂದರೆ ಲೇಶಾಫ್ಟಿನ, ಮೇಲೆ ಭಾರ ಬೀಳುವುದಿಲ್ಲ. ಬಿಚ್ಚಿದರೆ ಶಾಫ್ಟಿನ ಗಡಸು ಪದರ ಎದ್ದು, ಬೇರಿಂಗಿನ ಸೂಜಿಯಂಥ ನೀಡಲ್ ರೋಲರುಗಳು ಗುಳಿ ತೋಡಿದ್ದವು. ಆ ಶಾಫ್ಟಿನ ಮೇಲೆ ತಿರುಗುವ ಗೇರ್ ಗುಚ್ಛ, ಲೇಗೇರ್, ವಾಲಿ ಹಲ್ಲುಗಳು ಓರೆಯಾಗಿ ಕಚ್ಚುತ್ತಿದ್ದವು. ವೆಲ್ಡಿಂಗ್ ಬೇಡ, ಗಡಸುತನ ಹೋಗುತ್ತದೆ ಎಂದು ತಡೆದಿರಿ. ಶಾಫ್ಟ್, ರೋಲರ್, ಲೇಗೇರ್, ಜೊತೆಗೆ ಅದನ್ನು ಕಚ್ಚುವ ಮೊದಲ ಗೇರ್, ಎಲ್ಲ ಒಟ್ಟಿಗೇ ಹೊಸದು. ಗ್ರೀಸಿನಲ್ಲಿ ರೋಲರ್ ಅಂಟಿಸಿ, ಜೋಡಣೆಗಷ್ಟೇ ಬಳಸುವ ಗಿಡ್ಡ ಡಮ್ಮಿ ಶಾಫ್ಟಿನಿಂದ ಕೂರಿಸಿದ ನಾಜೂಕು ನಿಮ್ಮದೇ. ತುಂಬಿದ್ದು ಈ ಗೇರ್‌ಬಾಕ್ಸಿಗೆ ಸಲ್ಲುವ 20ಡಬ್ಲ್ಯು-50 ಎಂಜಿನ್ ಎಣ್ಣೆಯನ್ನೇ; ಗೇರ್ ಎಣ್ಣೆಯ ಡಬ್ಬಿಯನ್ನು ಮೊದಲೇ ಎತ್ತಿಟ್ಟಿದ್ದಿರಿ!