ಓಡುವ ದಾರಿಯಲ್ಲಿ ಕಪ್ಪಾಗುವ ಕಾರಿನ ಪರದೆ: ಕಂಪನಿಗೆ ಬರೆದ ದೂರು ಪತ್ರ

ಇವರಿಂದ:
ತಮ್ಮ ಕಂಪನಿಯ ಗ್ರಾಹಕಿ, ಹಾಸನ
(ವಿಳಾಸ, ಕಾರಿನ ನೋಂದಣಿ ಸಂಖ್ಯೆ ಮತ್ತು ಚಾಸಿ ಸಂಖ್ಯೆ ಜೊತೆಗಿಟ್ಟ ಹಾಳೆಯಲ್ಲಿವೆ)

ಇವರಿಗೆ:
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ, ಕಾರು ತಯಾರಿಕಾ ಕಂಪನಿ
ಪ್ರತಿ: ವ್ಯವಸ್ಥಾಪಕರು, ಅಧಿಕೃತ ಸರ್ವಿಸ್ ಸೆಂಟರ್, ಹಾಸನ

ವಿಷಯ: ಫೋನನ್ನು ಜೋಡಿಸಿ ಮ್ಯಾಪ್ ನೋಡಲು ಕೊಟ್ಟಿರುವ ಕಾರಿನ ಡಿಸ್‌ಪ್ಲೇ ಚಾಲನೆಯ ನಡುವೆ ಪದೇ ಪದೇ ಆರಿಹೋಗುತ್ತಿರುವುದು, ಮತ್ತು ಮೂರು ಸಲ ಸರ್ವಿಸ್‌ಗೆ ಬಿಟ್ಟರೂ ದೋಷವನ್ನು ಒಪ್ಪಿಕೊಳ್ಳದಿರುವುದು.

ಮಾನ್ಯರೇ,

ನಾನು ಹಾಸನದ ಸರ್ಕಾರಿ ಪದವಿಪೂರ್ವ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಹದಿನಾಲ್ಕು ತಿಂಗಳ ಹಿಂದೆ ತಮ್ಮ ಕಂಪನಿಯ ಕಾರನ್ನು ಇದೇ ಊರಿನ ಅಧಿಕೃತ ಷೋರೂಂನಲ್ಲಿ ಕೊಂಡೆ. ನನಗೆ ಬೇಕಿದ್ದ ಉಳಿದ ಸೌಕರ್ಯಗಳೆಲ್ಲ ಮಧ್ಯದ ಮಾಡೆಲ್‌ನಲ್ಲೇ ಇದ್ದವು. ಆದರೂ 82,000 ರೂಪಾಯಿ ಹೆಚ್ಚು ಕೊಟ್ಟು ಮೇಲಿನ ಮಾಡೆಲ್ ತೆಗೆದುಕೊಂಡದ್ದು ಈ ಡಿಸ್‌ಪ್ಲೇಗಾಗಿ ಮಾತ್ರ. ಆಂಡ್ರಾಯ್ಡ್ ಆಟೊ ಮೂಲಕ ಫೋನನ್ನು ದೊಡ್ಡ ಪರದೆಗೆ ಜೋಡಿಸಿ, ರಸ್ತೆಯಿಂದ ಕಣ್ಣು ಹೆಚ್ಚು ಕೀಳದೆ ಮ್ಯಾಪ್ ನೋಡುತ್ತ, ಕನ್ನಡದಲ್ಲೇ ದಾರಿ ಕೇಳಿಸಿಕೊಳ್ಳುತ್ತ ಹೋಗಬಹುದೆಂದು ಷೋರೂಂನವರು ನಿಂತ ಕಾರಿನಲ್ಲಿ ತೋರಿಸಿದರು. "ಇನ್ಮೇಲೆ ಗಾಡಿ ಓಡಿಸುವಾಗ ಫೋನ್ ಮುಟ್ಟೋದೇ ಬೇಡ ಮೇಡಂ" ಎಂದು ಅವರು ಹೇಳಿದ ಮಾತನ್ನು ನಂಬಿ ದುಡ್ಡು ಕಟ್ಟಿದೆ. ಎಪ್ಪತ್ತೆಂಟು ವರ್ಷದ ತಾಯಿಯನ್ನು ಆಗಾಗ ಬೆಂಗಳೂರಿನ ಆಸ್ಪತ್ರೆಗೆ ಒಬ್ಬಳೇ ಕರೆದೊಯ್ಯಬೇಕಾದ ನನಗೆ ಅದು ಶೋಕಿಯ ವಸ್ತುವಾಗಿರಲಿಲ್ಲ.

ಮೊದಲ ಹತ್ತು ತಿಂಗಳು ತೊಂದರೆ ಇರಲಿಲ್ಲ ಎಂಬುದನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಈ ವರ್ಷ ಮಾರ್ಚ್ ತಿಂಗಳ ಬಿಸಿಲು ಏರಿದ ಮೇಲೆ, ಮುಕ್ಕಾಲು ಗಂಟೆಗಿಂತ ಹೆಚ್ಚು ಹೊತ್ತು ಒಂದೇ ಸಮನೆ ಓಡಿಸಿದಾಗ ಪರದೆ ಇದ್ದಕ್ಕಿದ್ದಂತೆ ಕಪ್ಪಾಗುವುದು, ಸ್ವಲ್ಪ ಹೊತ್ತಿನ ನಂತರ ತಮ್ಮ ಕಂಪನಿಯ ಲಾಂಛನ ಮೂಡುವುದು, ಬಳಿಕ ಎಲ್ಲವೂ ಹೊಸದಾಗಿ ಶುರುವಾಗುವುದು ಆರಂಭವಾಯಿತು. ಪರದೆ ಕಪ್ಪಾದಾಗಿನಿಂದ ಮ್ಯಾಪ್ ಮತ್ತೆ ಕಾಣಿಸಿಕೊಳ್ಳುವವರೆಗೆ ಸುಮಾರು ನೂರು ಸೆಕೆಂಡ್ ಬೇಕು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರು ಅಷ್ಟರಲ್ಲಿ ಒಂದೂವರೆ ಕಿಲೋಮೀಟರಿಗೂ ಹೆಚ್ಚು ದೂರ ಸಾಗಿರುತ್ತದೆ. ಬೆಂಗಳೂರಿನ ಹೊರವಲಯದಲ್ಲಿ ಅಷ್ಟು ದೂರದೊಳಗೆ ಎರಡು ತಿರುವು ತಪ್ಪಿಹೋಗಬಹುದು.

ಏಪ್ರಿಲ್ ತಿಂಗಳಲ್ಲಿ ಹಾಗೆಯೇ ಆಯಿತು. ತಾಯಿಯವರ ಬಲಗಣ್ಣಿನ ಶಸ್ತ್ರಚಿಕಿತ್ಸೆಯ ಮರುತಪಾಸಣೆಗಾಗಿ ಬನ್ನೇರುಘಟ್ಟ ರಸ್ತೆಯ ಆಸ್ಪತ್ರೆಯಲ್ಲಿ ಹತ್ತೂವರೆಗೆ ಸಮಯ ಕೊಟ್ಟಿದ್ದರು. ಬೆಳಗಿನ ಜಾವ ಹಾಸನ ಬಿಟ್ಟೆವು. ಪೂರ್ವಕ್ಕೆ ಹೋಗುವ ಆ ದಾರಿಯಲ್ಲಿ ಎಳೆಬಿಸಿಲು ಮುಂಗಾಜಿನಿಂದ ನೇರವಾಗಿ ಡ್ಯಾಶ್‌ಬೋರ್ಡಿನ ಮೇಲೆ ಬೀಳುತ್ತದೆ. ಕುಣಿಗಲ್ ಹತ್ತಿರ ಪರದೆ ಒಮ್ಮೆ ಆರಿ ಹೊತ್ತಿಕೊಂಡಿತು. ನೆಲಮಂಗಲ ದಾಟಿ, ಮಾದಾವರದಲ್ಲಿ, ನಗರದ ಹೊರವಲಯದಲ್ಲೇ ಸಾಗುವ ನೈಸ್ ರಸ್ತೆಗೆ ತಿರುಗಬೇಕಾದ ಜಾಗ ಇನ್ನೇನು ಬಂತು ಎನ್ನುವಾಗ ಮತ್ತೆ ಕಪ್ಪಾಯಿತು, ದಾರಿ ಹೇಳುವ ದನಿಯೂ ನಿಂತುಹೋಯಿತು. ಎಡಕ್ಕೊಂದು ಲಾರಿ, ಹಿಂದೊಂದು ಬಸ್ಸು, ನಿಲ್ಲಿಸುವಂತಿರಲಿಲ್ಲ. ಫೋನು ಗೇರಿನ ಮುಂದಿನ ಗೂಡಿನಲ್ಲಿತ್ತು. ಅಮ್ಮ ಅದನ್ನು ತಡಕಾಡಿ ಎತ್ತಿಕೊಂಡು, ಪಟ್ಟಿ ಇಲ್ಲದ ಕಣ್ಣಿನ ಹತ್ತಿರಕ್ಕೆ ಹಿಡಿದು, "ಬಾಣ ಕಾಣ್ತದೆ ಕಣವ್ವ, ಯಾವ ಕಡೀಕೆ ತಿರುಗೈತೋ ಗೊತ್ತಾಗಕಿಲ್ಲ" ಎಂದರು. ತಿರುವು ತಪ್ಪಿತು. ವಾಹನಗಳ ಸಾಲಿನೊಂದಿಗೆ ಪೀಣ್ಯದ ಮೇಲ್ಸೇತುವೆ ಹತ್ತಿಬಿಟ್ಟೆವು. ಹತ್ತಿದ ಮೇಲೆ ಗೊರಗುಂಟೆಪಾಳ್ಯದಲ್ಲಿ ಇಳಿಯುವವರೆಗೆ ಹಿಂದಿರುಗುವ ಮಾತೇ ಇಲ್ಲ. ಅಲ್ಲಿಂದ ಸುಮನಹಳ್ಳಿ, ನಾಯಂಡಹಳ್ಳಿ ದಾಟಿ ರಿಂಗ್ ರಸ್ತೆಯ ದಟ್ಟಣೆಯಲ್ಲಿ ತೆವಳಿಕೊಂಡು ಆಸ್ಪತ್ರೆ ಮುಟ್ಟಿದಾಗ ಹನ್ನೊಂದು ಮುಕ್ಕಾಲು. ಅಷ್ಟರಲ್ಲಿ ವೈದ್ಯರು ಆಪರೇಷನ್ ಥಿಯೇಟರಿಗೆ ಹೋಗಿದ್ದರು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಹಿರಿಯ ಜೀವ ಸಂಜೆ ನಾಲ್ಕರವರೆಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಿರಬೇಕಾಯಿತು. ದಾರಿ ತಪ್ಪಿದ್ದಕ್ಕಿಂತ, ಆ ಲಾರಿ ಬಸ್ಸುಗಳ ನಡುವೆ ನಾನು ಎರಡು ಸಲ ರಸ್ತೆ ಬಿಟ್ಟು ಅಮ್ಮನ ಕೈಯಲ್ಲಿದ್ದ ಫೋನಿನತ್ತ ನೋಡಿದೆನೆಂಬುದು ಇಂದಿಗೂ ನನ್ನನ್ನು ಕಾಡುತ್ತದೆ.

ಈ ಸೌಲಭ್ಯ ಮೊದಲಿನಿಂದಲೂ ಇಲ್ಲದಿದ್ದರೆ ನಾನು ಹೊರಡುವ ಮುಂಚೆ ದಾರಿಯನ್ನು ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದೆ, ಇಲ್ಲವೇ ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿಕೊಳ್ಳುತ್ತಿದ್ದೆ. ಇದೆಯೆಂದು ನಂಬಿಸಿ, ತಿರುವಿನಲ್ಲಿ ಕೈಬಿಡುವ ಸಾಧನವು ಇಲ್ಲದ ಸಾಧನಕ್ಕಿಂತ ಅಪಾಯಕಾರಿ. ನನ್ನ ದೂರಿನ ತಿರುಳು ಇದೇ.

ಸರ್ವಿಸ್ ಸೆಂಟರಿನಲ್ಲಿ ಪ್ರತಿ ಸಲವೂ ತಪ್ಪನ್ನು ನನ್ನ ಫೋನಿನ ಮೇಲೆ, ಕೇಬಲ್ಲಿನ ಮೇಲೆ, ಕೊನೆಗೆ ಘಟ್ಟದ ಸಿಗ್ನಲ್ಲಿನ ಮೇಲೆ ಹೊರಿಸಿದ್ದರಿಂದ, ಅದು ಹಾಗಲ್ಲವೆಂದು ತೋರಿಸುವ ಸಂಗತಿಗಳನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಆಂಡ್ರಾಯ್ಡ್ ಆಟೊ ಆಗಲಿ ಐಫೋನಿಗಿರುವ ಅಂಥದೇ ಆಪಲ್ ಕಾರ್‌ಪ್ಲೇ ಆಗಲಿ, ದಾರಿ ಹುಡುಕುವ ಕೆಲಸವೆಲ್ಲ ಫೋನಿನೊಳಗೇ ನಡೆಯುತ್ತದೆ. ಕಾರಿನ ಪರದೆ ಆ ಚಿತ್ರವನ್ನು ತೋರಿಸಿ, ನಾವು ಬೆರಳಿಟ್ಟದ್ದನ್ನು ಫೋನಿಗೆ ಹಿಂದಿರುಗಿಸುತ್ತದೆ. ವೈರ್‌ಲೆಸ್ ಜೋಡಣೆಯಲ್ಲಿ ಮೊದಲು ಬ್ಲೂಟೂತ್ ಮೂಲಕ ಎರಡಕ್ಕೂ ಪರಿಚಯವಾಗಿ, ಆಮೇಲೆ ಕಾರಿನದೇ ವೈಫೈ ಮೂಲಕ ಚಿತ್ರ ಹರಿಯುತ್ತದೆ. ಮೊಬೈಲ್ ಟವರಿಗೂ ಈ ಕೊಂಡಿಗೂ ಸಂಬಂಧವಿಲ್ಲ. ಸಿಗ್ನಲ್ ಇಲ್ಲದ ಕಡೆ ಹೊಸ ನಕ್ಷೆ ಇಳಿಯದಿರಬಹುದು, ಟ್ರಾಫಿಕ್ಕಿನ ಮಾಹಿತಿ ಬಾರದಿರಬಹುದು. ಆದರೆ ಪರದೆ ಆರಿಹೋಗುವುದಿಲ್ಲ, ಕಾರಿರುವ ಜಾಗವಂತೂ ಉಪಗ್ರಹದಿಂದಲೇ ತಿಳಿಯುತ್ತದೆ. ಶಿರಾಡಿ ಘಾಟಿಯಲ್ಲಿ ಸಿಗ್ನಲ್ ಸಿಗುವುದಿಲ್ಲವೆಂದು ನನಗೆ ಪಾಠ ಹೇಳಿದ ತಮ್ಮ ಸಿಬ್ಬಂದಿಗೆ, ನನ್ನ ಪರದೆ ಆರಿದ್ದು ಬಹುಪಾಲು ಬಯಲುಸೀಮೆಯ ಹೆದ್ದಾರಿಯಲ್ಲಿ ಎಂಬುದನ್ನು ಕೇಳಿಸಿಕೊಳ್ಳುವ ವ್ಯವಧಾನವಿರಲಿಲ್ಲ.

ಮಾರ್ಚ್‌ನಿಂದ ಮೇ ತಿಂಗಳ ಕೊನೆಯವರೆಗೆ ಪರದೆ 23 ಸಲ ಆರಿದೆ. ಪ್ರತಿ ಸಲದ ದಿನಾಂಕ, ಸ್ಥಳ, ಅಲ್ಲಿಯವರೆಗೆ ಎಷ್ಟು ಹೊತ್ತು ಓಡಿಸಿದ್ದೆ, ಫೋನನ್ನು ಕೇಬಲ್ಲಿನಿಂದ ಜೋಡಿಸಿದ್ದೆನೋ ವೈರ್‌ಲೆಸ್ ಆಗಿಯೋ ಎಂಬುದನ್ನು, ಕಾರು ನಿಲ್ಲಿಸಿದ ಕೂಡಲೇ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಎರಡೂ ಬಗೆಯಲ್ಲಿ ಆಗಿದೆ. ನನ್ನದು ಆಂಡ್ರಾಯ್ಡ್ 14 ಇರುವ ಫೋನು. ಇದೇ ಫೋನು, ಇದೇ ಕೇಬಲ್, ಬೇರೆ ಕಂಪನಿಯದಾದ ನನ್ನ ತಮ್ಮನ ಕಾರಿನಲ್ಲಿ ಹಾಸನದಿಂದ ಮಂಗಳೂರಿನವರೆಗೆ ಒಮ್ಮೆಯೂ ಕಡಿದುಹೋಗಲಿಲ್ಲ. ಅದಕ್ಕೆ ಪ್ರತಿಯಾಗಿ ಮಗನ ಐಫೋನನ್ನು ನನ್ನ ಕಾರಿಗೆ ಜೋಡಿಸಿ ಹೊರಟಾಗ ಚನ್ನರಾಯಪಟ್ಟಣ ದಾಟಿದ ಮೇಲೆ ಪರದೆ ಕಪ್ಪಾಯಿತು.

ಇಷ್ಟೂ ಸಾಲದೆಂದರೆ ಇನ್ನೊಂದು ಸಂಗತಿಯಿದೆ. ಮೇ ತಿಂಗಳ ಒಂದು ಮಧ್ಯಾಹ್ನ ಅರಸೀಕೆರೆಯಿಂದ ಬಂದು ಮನೆಯ ಮುಂದೆ ಕಾರನ್ನು ಹಿಂದಕ್ಕೆ ತೆಗೆಯುತ್ತಿದ್ದೆ. ಆ ದಿನ ಫೋನನ್ನು ಜೋಡಿಸಿಯೇ ಇರಲಿಲ್ಲ, ರೇಡಿಯೋ ಮಾತ್ರ ಹಾಕಿಕೊಂಡಿದ್ದೆ. ರಿವರ್ಸ್ ಕ್ಯಾಮೆರಾದಲ್ಲಿ ನಮ್ಮ ಗೇಟಿನ ಹಸಿರು ಬಣ್ಣ, ಅದರ ಬುಡದಲ್ಲಿಟ್ಟಿದ್ದ ತುಳಸಿ ಕುಂಡ ಕಾಣುತ್ತಿದ್ದಂತೆಯೇ ಪರದೆ ಕಪ್ಪಾಯಿತು. ಹಾಡು ಅರ್ಧಕ್ಕೆ ನಿಂತಿತು. ತಮ್ಮ ಲಾಂಛನ ಬಂತು. ಪಕ್ಕದ ಮನೆಯ ಮಗು ಆಗಾಗ ಸೈಕಲ್ ತಂದು ನಿಲ್ಲುವ ಜಾಗವದು. ಅಂದು ಅಲ್ಲಿ ಯಾರೂ ಇರಲಿಲ್ಲ. ಫೋನು, ಕೇಬಲ್, ಸಿಗ್ನಲ್ ಮೂರೂ ಇಲ್ಲದಿರುವಾಗ ಕ್ಯಾಮೆರಾ ಚಿತ್ರವೂ ರೇಡಿಯೋವೂ ಒಟ್ಟಿಗೆ ನಿಂತುಹೋದರೆ ದೋಷ ಎಲ್ಲಿದೆಯೆಂದು ಹೇಳಲು ಎಂಜಿನಿಯರ್ ಬೇಕಾಗಿಲ್ಲ. ಪರದೆಯ ಹಿಂದಿದ್ದು ಅದನ್ನೂ ರೇಡಿಯೋವನ್ನೂ ನಡೆಸುವ ಹೆಡ್ ಯುನಿಟ್ಟೇ ತನ್ನಷ್ಟಕ್ಕೆ ಆರಿ ಮರಳಿ ಶುರುವಾಗುತ್ತಿದೆ.

ಇನ್ನು ಸರ್ವಿಸ್ ಸೆಂಟರಿನ ನಡವಳಿಕೆ. ಮೊದಲನೆಯ ಸಲ ಫೋನನ್ನು ಪೂರ್ತಿ ಅಳಿಸಿ ಹೊಸದಾಗಿ ಹೊಂದಿಸಲು ಹೇಳಿದರು. ಹಾಗೆ ಮಾಡಿ ಬ್ಯಾಂಕಿನ ಆ್ಯಪ್‌ಗಳನ್ನೆಲ್ಲ ಮತ್ತೆ ನೋಂದಾಯಿಸಿಕೊಳ್ಳಲು ಎರಡು ದಿನ ಹಿಡಿಯಿತು, ಪರದೆ ಮೂರನೆಯ ದಿನವೇ ಆರಿತು. ಎರಡನೆಯ ಸಲ ನನ್ನ ಕೇಬಲ್ ಚಾರ್ಜಿಂಗ್‌ಗೆ ಮಾತ್ರ ಆಗುವಂಥದ್ದು ಎಂದು ಹೇಳಿ ಅವರಲ್ಲೇ 1,450 ರೂಪಾಯಿಯ ಕೇಬಲ್ ಕೊಳ್ಳುವಂತೆ ಮಾಡಿದರು. ಚಾರ್ಜಿಂಗ್‌ಗೆ ಮಾತ್ರ ಇರುವ ಕೇಬಲ್ಲಿನಲ್ಲಿ ಡೇಟಾ ಸಾಗುವ ತಂತಿಗಳೇ ಇರುವುದಿಲ್ಲ, ಆದ್ದರಿಂದ ಅದರಲ್ಲಿ ಮ್ಯಾಪ್ ಪರದೆಗೆ ಬರುವುದೇ ಸಾಧ್ಯವಿಲ್ಲ. ಮುಕ್ಕಾಲು ಗಂಟೆ ಸರಿಯಾಗಿ ನಡೆದು ಆಮೇಲೆ ನಿಲ್ಲುವ ತೊಂದರೆಗೆ ಅದು ಕಾರಣವಾಗಲಾರದೆಂದು ಅಲ್ಲಿಯೇ ಹೇಳಿದೆ. ಆದರೂ ಕಾರು ಬೇಗ ಸರಿಹೋದರೆ ಸಾಕೆಂದು ದುಡ್ಡು ಕೊಟ್ಟೆ.

ಮೂರನೆಯ ಸಲದ್ದು ಗಂಭೀರವಾದುದು. ಮಾಡಿದ ಕೆಲಸ ಬರೆದುಕೊಡುವ ಜಾಬ್ ಕಾರ್ಡಿನಲ್ಲಿ "ಸಾಫ್ಟ್‌ವೇರ್ ಅಪ್‌ಡೇಟ್ ಮಾಡಲಾಗಿದೆ, ಪರೀಕ್ಷಿಸಲಾಗಿದೆ, ದೋಷ ಕಂಡುಬಂದಿಲ್ಲ" ಎಂದು ಬರೆದುಕೊಟ್ಟರು. ಕಾರು ಬಿಡುವ ಮುನ್ನ ಸೆಟ್ಟಿಂಗ್ಸ್‌ನಲ್ಲಿದ್ದ ಸಾಫ್ಟ್‌ವೇರ್ ಆವೃತ್ತಿಯ ಸಂಖ್ಯೆಯನ್ನು ನಾನು ಫೋಟೋ ತೆಗೆದುಕೊಂಡಿದ್ದೆ. ಹಿಂದಿರುಗಿ ಬಂದ ಮೇಲೆ ನೋಡಿದರೆ ಅದೇ ಸಂಖ್ಯೆ, ಒಂದಂಕಿಯೂ ಬದಲಾಗಿಲ್ಲ. ಎರಡೂ ಫೋಟೋಗಳನ್ನು ಈ ಪತ್ರದೊಂದಿಗೆ ಇಟ್ಟಿದ್ದೇನೆ. ಮಾಡದ ಕೆಲಸವನ್ನು ಮಾಡಿದೆವೆಂದು ಬರೆದು ಗ್ರಾಹಕರ ಸಹಿ ಹಾಕಿಸಿಕೊಳ್ಳುವುದನ್ನು ತಾವು ಏನೆಂದು ಕರೆಯುತ್ತೀರೋ ತಿಳಿಯದು. ನನ್ನ ವಿದ್ಯಾರ್ಥಿಗಳು ಪ್ರಯೋಗದ ಪುಸ್ತಕದಲ್ಲಿ ಹೀಗೆ ಬರೆದರೆ ನಾನು ಅಂಕ ಕೊಡುವುದಿಲ್ಲ. "ಪರೀಕ್ಷೆ" ಎಂದರೆ ನೆರಳಿನ ಷೆಡ್ಡಿನಲ್ಲಿ ಹತ್ತು ನಿಮಿಷ ಎಂಜಿನ್ ಚಾಲೂ ಇಟ್ಟು ನೋಡಿದ್ದು. ಬಿಸಿಲಿನಲ್ಲಿ ಮುಕ್ಕಾಲು ಗಂಟೆ ಓಡಿದ ಮೇಲೆ ಕಾಣಿಸಿಕೊಳ್ಳುವ ದೋಷ ಅಲ್ಲಿ ಕಾಣುವುದಾದರೂ ಹೇಗೆ? ಒಬ್ಬ ಕಿರಿಯ ತಂತ್ರಜ್ಞರು ಮಾತ್ರ, ಯುನಿಟ್ ಬದಲಿಸಬೇಕಾಗುತ್ತದೆ, ಅದಕ್ಕೆ ಕಂಪನಿಯ ಒಪ್ಪಿಗೆ ಬೇಕು ಎಂದು ನಿಜ ಹೇಳಿದರು. ಅವರಿಗೆ ತೊಂದರೆಯಾಗಬಾರದೆಂದು ಹೆಸರು ಬರೆಯುವುದಿಲ್ಲ.

ತಮ್ಮ ಸಹಾಯವಾಣಿಗೆ ನಾಲ್ಕು ಸಲ ಕರೆ ಮಾಡಿದ್ದೇನೆ. ಕನ್ನಡದಲ್ಲಿ ಮಾತಾಡುವವರು ಸಿಕ್ಕಿದ್ದು ಒಮ್ಮೆ ಮಾತ್ರ. ಕರ್ನಾಟಕದಲ್ಲಿ ಇಷ್ಟು ಕಾರು ಮಾರುವ ಕಂಪನಿಗೆ ಇದು ಶೋಭೆಯಲ್ಲ.

ಚಾಲನೆಯ ವೇಳೆ ಫೋನನ್ನು ಕೈಯಲ್ಲಿ ಹಿಡಿದು ಬಳಸುವುದನ್ನು 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 184ನೇ ಕಲಂ ಅಪಾಯಕಾರಿ ಚಾಲನೆಯೆಂದು ಪರಿಗಣಿಸುತ್ತದೆ. ದಾರಿ ನೋಡಲು ಮಾತ್ರ, ಅದೂ ಚಾಲಕರ ಗಮನ ಕದಡದಂತೆ ಬಳಸಬಹುದೆಂದು 2020ರಲ್ಲಿ ನಿಯಮ ತಿದ್ದಲಾಯಿತು. ಕಾನೂನು ಕೇಳುವ ಆ ಎಚ್ಚರಕ್ಕಾಗಿಯೇ ನಾನು ತಮಗೆ ಹೆಚ್ಚಿನ ಹಣ ಕೊಟ್ಟದ್ದು. ಆ ಹಣ ಪಡೆದ ಮೇಲೆ, "ವೈರ್‌ಲೆಸ್ ಅಂದ್ರೆ ಸ್ವಲ್ಪ ಹಾಗೇನೇ, ಅಷ್ಟು ಹೊತ್ತು ಫೋನ್ ನೋಡ್ಕೊಳ್ಳಿ" ಎಂದು ತಮ್ಮ ಸರ್ವಿಸ್ ಅಡ್ವೈಸರ್ ಹೇಳುವುದು ಸಲ್ಲದು.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಕಾರಿಗೆ ಮೂರು ವರ್ಷದ ವಾರಂಟಿ ಇನ್ನೂ ಚಾಲ್ತಿಯಲ್ಲಿರುವುದರಿಂದ ಹೆಡ್ ಯುನಿಟ್ಟನ್ನು ಯಾವುದೇ ಶುಲ್ಕವಿಲ್ಲದೆ ಹೊಸದಕ್ಕೆ ಬದಲಾಯಿಸಿಕೊಡಬೇಕು. ಹಳೆಯದನ್ನೇ ಬಿಚ್ಚಿ ಜೋಡಿಸಿದ್ದನ್ನು ನಾನು ಒಪ್ಪುವುದಿಲ್ಲ, ಹೊಸ ಯುನಿಟ್ಟಿನ ಕ್ರಮಸಂಖ್ಯೆ ಜಾಬ್ ಕಾರ್ಡಿನಲ್ಲಿರಬೇಕು. ಬದಲಿಸಿದ ನಂತರ ಹಗಲು ಹೊತ್ತಿನಲ್ಲಿ, ನನ್ನನ್ನೂ ಕೂರಿಸಿಕೊಂಡು, ಹಾಸನದಿಂದ ಚನ್ನರಾಯಪಟ್ಟಣದ ಆಚೆಗೆ ಹೋಗಿ ಬರುವಷ್ಟು ಹೊತ್ತು ಮ್ಯಾಪ್ ಚಾಲೂ ಇಟ್ಟು ಓಡಿಸಿ ತೋರಿಸಬೇಕು. ಬೇಡದ ಕೇಬಲ್ಲಿಗೆ ಪಡೆದ 1,450 ರೂಪಾಯಿಯನ್ನು ಮರಳಿಸಬೇಕು. ಅಪ್‌ಡೇಟ್ ಮಾಡಿದ್ದೇವೆಂದು ಬರೆದ ಜಾಬ್ ಕಾರ್ಡಿನ ಬಗ್ಗೆ ವಿಚಾರಣೆ ನಡೆಸಿ, ಏನು ನಡೆಯಿತೆಂದು ನನಗೆ ಲಿಖಿತವಾಗಿ ತಿಳಿಸಬೇಕು. ಇದೇ ಯುನಿಟ್ ಇರುವ ಬೇರೆ ಕಾರುಗಳಲ್ಲೂ ಈ ದೋಷವಿದ್ದರೆ ಅವುಗಳ ಮಾಲೀಕರಿಗೆ ತಾವೇ ಮುಂದಾಗಿ ತಿಳಿಸಬೇಕೆಂಬುದು ನನ್ನ ವಿನಂತಿ; ರಿವರ್ಸ್ ಕ್ಯಾಮೆರಾ ನಂಬಿ ಕಾರು ಹಿಂದಕ್ಕೆ ತೆಗೆಯುವವಳು ನಾನೊಬ್ಬಳೇ ಅಲ್ಲ.

ಈ ಪತ್ರ ತಲುಪಿದ 15 ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿ, ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿಯಲ್ಲಿ ದೋಷಪೂರಿತ ವಸ್ತು ಮತ್ತು ಸೇವಾ ನ್ಯೂನತೆಗಾಗಿ ಹಾಸನದ ಜಿಲ್ಲಾ ಗ್ರಾಹಕ ಆಯೋಗದ ಮೊರೆ ಹೋಗುತ್ತೇನೆ. ಗ್ರಾಹಕರು ತಾವು ವಾಸಿಸುವ ಊರಿನಲ್ಲೇ ದೂರು ಕೊಡಲು ಆ ಕಾಯ್ದೆ ಅವಕಾಶ ನೀಡಿದೆ. ಅಲ್ಲಿಯವರೆಗೆ ಹೋಗುವ ಇಚ್ಛೆ ನನಗಿಲ್ಲ. ಕಾರು ಸರಿಯಾದರೆ ಸಾಕು.

ಖರೀದಿ ರಸೀದಿ, ಮೂರೂ ಜಾಬ್ ಕಾರ್ಡುಗಳು, ಕೇಬಲ್ಲಿನ ಬಿಲ್ಲು, 23 ಘಟನೆಗಳ ಟಿಪ್ಪಣಿ ಮತ್ತು ಪರದೆ ಆರುವುದನ್ನು ತಮ್ಮನು ಪಕ್ಕದ ಸೀಟಿನಿಂದ ತೆಗೆದ ವಿಡಿಯೋವನ್ನು ಲಗತ್ತಿಸಿದ್ದೇನೆ. ಕಾಲೇಜಿನ ಕೆಲಸದ ದಿನಗಳಲ್ಲಿ ಸಂಜೆ ನಾಲ್ಕರ ನಂತರ ಮತ್ತು ಭಾನುವಾರ ಇಡೀ ದಿನ ಕಾರನ್ನು ತಂದುಕೊಡಬಲ್ಲೆ. ಮುಂದಿನ ತಿಂಗಳು 18ರಂದು ತಾಯಿಯವರ ಎಡಗಣ್ಣಿನ ಶಸ್ತ್ರಚಿಕಿತ್ಸೆಗೆ ಅದೇ ದಾರಿಯಲ್ಲಿ ಬೆಂಗಳೂರಿಗೆ ಹೋಗಬೇಕಿದೆ. ಅದಕ್ಕೆ ಮೊದಲೇ ಕೆಲಸ ಮುಗಿಸಿಕೊಡಬೇಕೆಂದು ಕೇಳಿಕೊಳ್ಳುತ್ತೇನೆ.

ಇತಿ ತಮ್ಮ ವಿಶ್ವಾಸಿ,
(ಸಹಿ)
ಹಾಸನ